ಪ್ರಶ್ನೋತ್ತರ: ನೆಗಡಿ ಇಟ್ಟುಕೊಂಡು ಫ್ಲೈಟ್ ಡ್ಯೂಟಿಗೆ ಹೋಗಬಹುದಾ?

ಕ್ಯಾಬಿನ್ ಕ್ರೂ, 3 ವರ್ಷದ ಸರ್ವೀಸ್: ಡಾಕ್ಟ್ರೇ, ನೆಗಡಿ ಇದ್ದರೂ ಮೊನ್ನೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಸಲ ಏರಿ ಇಳಿದು, ಮಾಡಿದೆ. ಕೊನೆಯ ಸಲ ಇಳಿಯುವಾಗ ಎಡಗಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಜಂಪ್ ಸೀಟಲ್ಲಿ (ಕ್ರೂ ಕೂರುವ ಮಡಚೋ ಸೀಟು) ಕೂತು ಕಣ್ಣಲ್ಲಿ ನೀರು. ಮೂಗು ಹಿಡಿದು ಜೋರಾಗಿ ಊದಿದೆ, 'ಟಪ್' ಅಂತು. ಆಗಿನಿಂದ ಕಿವಿ ಕಟ್ಟಿದೆ, ಗುಂಯ್ ಅನ್ನುತ್ತೆ, ಎದ್ದರೆ ತಲೆ ಸುತ್ತುತ್ತೆ. ನಾಳೆ ಡ್ಯೂಟಿ ಇದೆ. ಹೋಗಲಾ?

ಡಾಕ್ಟರ್: ಹೋಗಬೇಡಿ. ಇವತ್ತೇ ಕಿವಿ ಡಾಕ್ಟರಿಗೆ ತೋರಿಸಿ. ಬರೀ ಕಿವಿ ಕಟ್ಟಿದ್ದರೆ ಇಷ್ಟು ಅವಸರ ಮಾಡುತ್ತಿರಲಿಲ್ಲ. ಗುಂಯ್ ಸದ್ದಿನ ಜೊತೆ ತಲೆಸುತ್ತು ಅಂದಿರಲ್ಲ, ಅದಕ್ಕೇ ಗಾಬರಿ. ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗಿರುತ್ತದೆ. ಮೇಲೇರುವಾಗ ಕಿವಿಯೊಳಗಿನ ಗಾಳಿ ಸಾಮಾನ್ಯವಾಗಿ ತಾನೇ ಹೊರಬರುತ್ತದೆ. ಇಳಿಯುವಾಗ ಮೂಗಿನ ಹಿಂದಿರುವ ಸಣ್ಣ ನಳಿಕೆಯಿಂದ ಒಳಗೆ ಹೋಗಬೇಕು. ನೆಗಡಿಯಲ್ಲಿ ಆ ನಳಿಕೆ ಊದಿಕೊಂಡಿರುತ್ತದೆ. ಆಗ ಕಿವಿತಮಟೆ ಒಳಕ್ಕೆ ಜಗ್ಗುತ್ತದೆ, ರಕ್ತ ಕಟ್ಟಬಹುದು, ತಮಟೆ ಹರಿಯಲೂಬಹುದು. ಅದರ ಮೇಲೆ ಜೋರಾಗಿ ಊದಿದರೆ ಒಳಕಿವಿಯ ಪೊರೆಗೂ ಪೆಟ್ಟು ಬೀಳಬಹುದು. ಅಲ್ಲಿ ಪೆಟ್ಟಾಗಿ ತಡವಾದರೆ ಕಿವಿ ಪೂರ್ತಿ ಕೇಳಿಸದೆಯೂ ಹೋಗಬಹುದು. ಮತ್ತೆ ಊದಬೇಡಿ. ಭಾರ ಎತ್ತಬೇಡಿ. ಗಾಡಿ ಓಡಿಸಬೇಡಿ.

ಸದಸ್ಯೆ: ಫಾರ್ವರ್ಡ್ ಬಂದಿತ್ತು. ಎರಡು ಕಪ್ಪಿಗೆ ಬಿಸಿನೀರಲ್ಲಿ ಅದ್ದಿದ ಟಿಶ್ಯೂ ಹಾಕಿ ಕಿವಿಗೆ ಮುಚ್ಚಿಕೊಂಡರೆ ತಕ್ಷಣ ಬಿಡುತ್ತಂತೆ.

ಡಾಕ್ಟರ್: ಬೇಡ. ನೀರು ಸೋರಿ ಕಿವಿ, ಕೆನ್ನೆ ಸುಟ್ಟುಕೊಂಡವರಿದ್ದಾರೆ. ಮಧ್ಯೆ ಕಿವಿತಮಟೆ ಅಡ್ಡ ಇದೆ, ಹಬೆ ಆ ನಳಿಕೆವರೆಗೆ ಹೋಗೋದು ಹೇಗೆ?

ಇನ್ನೊಬ್ಬರು: ಲಾಂಗ್ ಫ್ಲೈಟ್ ಆದಮೇಲೆ ಕಾಲು ಊದುತ್ತೆ.

ಡಾಕ್ಟರ್: ಎರಡೂ ಕಾಲು ಊದಿದರೆ ಕಂಪ್ರೆಷನ್ ಸಾಕ್ಸ್ (ಕಾಲನ್ನು ಬಿಗಿಯಾಗಿ ಒತ್ತುವ ಸಾಕ್ಸ್) ಹಾಕಿ, ಕಾಲು ಎತ್ತರಕ್ಕಿಟ್ಟು ಮಲಗಿ. ಒಂದೇ ಮೀನಖಂಡ ಊದಿ ನೋವಿದ್ದರೆ ನೇರ ಆಸ್ಪತ್ರೆಗೆ.

ಮತ್ತೊಬ್ಬರು: ನನಗೂ ಕಾಲು ಊದುತ್ತೆ, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಹಿರಿಯ ಕ್ರೂ, 12 ವರ್ಷ: ಸಿಕ್ ಲೀವ್ ಹಾಕಿದರೆ ಹಾರುವ ಗಂಟೆಯ ದುಡ್ಡು ಹೋಗುತ್ತೆ. ಡಾಕ್ಟ್ರಿಗೆ ಹೇಳೋದು ಸುಲಭ. ನಾನು ನೆಗಡಿಯಲ್ಲೇ ಹಾರಿದ್ದೇನೆ, ಏನೂ ಆಗಿಲ್ಲ.

ಕ್ರೂ, 6 ವರ್ಷ: ತಲೆಸುತ್ತು ಇಟ್ಟುಕೊಂಡು ತುಂಬಿದ ಊಟದ ಕಾರ್ಟ್ ತಳ್ಳೋಕಾಗುತ್ತಾ ಅಕ್ಕಾ? ವಿಮಾನದ ಮೂತಿ ಸ್ವಲ್ಪ ಮೇಲಿರುತ್ತೆ, ಹಿಂದಿನ ಗ್ಯಾಲಿಯಿಂದ (ವಿಮಾನದ ಅಡುಗೆ ಜಾಗ) ಮುಂದಕ್ಕೆ ಏರು ಹತ್ತಿದ ಹಾಗೆ. ಎಮರ್ಜೆನ್ಸಿಯಲ್ಲಿ ಬಾಗಿಲು ಯಾರು ತೆಗೀತಾರೆ?

ಹಿರಿಯ ಕ್ರೂ: ನನಗೆ ಪಾಠ ಹೇಳಬೇಡಿ.

ಕ್ರೂ, 6 ವರ್ಷ: ಕಿವಿ ಪರೀಕ್ಷೆ ಮಾಡಿಸಿ ನೋಡಿ, ಆಮೇಲೆ ಏನೂ ಆಗಿಲ್ಲ ಅನ್ನಿ.



ಡಾಕ್ಟರ್: ಇಬ್ಬರೂ ಜಗಳ ನಿಲ್ಲಿಸಿ. ದುಡ್ಡಿನ ಕಷ್ಟ ನಿಜ. ಆದರೆ ಕಿವಿ ಕೆಟ್ಟರೆ ಹಾರೋಕೆ ಬೇಕಾದ ಮೆಡಿಕಲ್ ಫಿಟ್‌ನೆಸ್ಸೇ ಹೋಗಬಹುದು. ಮೊದಲು ಕೇಳಿದ ಹುಡುಗಿ ಎಲ್ಲಿ?

ಕ್ಯಾಬಿನ್ ಕ್ರೂ, 3 ವರ್ಷ: ಸಿಕ್ ಹಾಕಿದೆ ಡಾಕ್ಟ್ರೇ. ತಂಗಿ ಜೊತೆ ಹೊರಟಿದ್ದೇನೆ.

ಡಾಕ್ಟರ್: ಅಲ್ಲಿ ಬರೀ ನೆಗಡಿ ಅನ್ನಬೇಡಿ. 'ಊದಿದಾಗ ಟಪ್ ಅಂತು, ಆಮೇಲೆ ತಲೆಸುತ್ತು' ಅಂತ ಇದೇ ಮಾತಲ್ಲಿ ಹೇಳಿ.