ಬುಧವಾರದ ಮಳಿ: ದ್ರಾಕ್ಷಿ ಇಳಸೂಕಿಂತ ಮೊದಲ ಮುಗಿಲ ನೋಡು

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಮೊಬೈಲ್‌ನಾಗ ಬುಧವಾರದಿಂದ ಶನಿವಾರತನಕ ಗುಡಗು-ಮಳಿ ಚಿತ್ರ ಬಂದೈತಿ, ಒಣದ್ರಾಕ್ಷಿ ಮಾಡಾಕ ಶೆಡ್ಡಿನ ರ್‍ಯಾಕಿನ ಮ್ಯಾಲ ಹಾಕಿ ಎಂಟ ದಿನ ಆದ ದ್ರಾಕ್ಷಿ ಎಲ್ಲಾ ಕೆಳಗ ಇಳಸ್ಲೇನು ಅಂತ ಕೇಳಿದಿ. ಇಳಸಬ್ಯಾಡ. ಎಂಟ ದಿನದ ಮಾಲು ಒಳಗ ಇನ್ನೂ ಹಸಿ ಇರತೈತಿ. ಗುಂಪು ಹಾಕಿ ತಾಡಪತ್ರಿ ಮುಚ್ಚಿದ್ರ ಕಾವು ಹಿಡದು ಹುಳಿ ವಾಸನಿ ಬಡೀತೈತಿ, ಬೂಸ್ಟು ಬರತೈತಿ. ಅದಕ್ಕಿಂತ ಮೊದಲ ಹಾಕಿದ ರ್‍ಯಾಕ್ ಇದ್ರ ಒಂದ ಹಿಡಿ ತಗೊಂಡು ಗಟ್ಟಿ ಹಿಸುಕಿ ಬಿಡು. ಕಾಳು ತಾವ ಬಿಡಿಬಿಡಿ ಆದ್ರ ಅಷ್ಟ ಇಳಸು. ಉಂಡಿ ಆಗಿ ಅಂಟಿಕೊಂಡ್ರ ಇರಲಿ ಬಿಡು.

ಆ ಚಿತ್ರ ನಿನ್ನ ಹೊಲದ್ದಲ್ಲ. ಹವಾಮಾನ ಇಲಾಖಿ 'ಒಂದೆರಡು ಕಡೆ ಮಳೆ' ಅಂದ್ರ ನೂರು ಮಳಿಮಾಪನ ಕೇಂದ್ರದಾಗ 25ರತನಕ ಅಂತ ಅರ್ಥ. 'ಕೆಲವು ಕಡೆ' ಅಂದ್ರ 26ರಿಂದ 50. ಇಲಾಖಿ ಎಚ್ಚರಿಕಿ ಹಳದಿ ಬಣ್ಣದಾಗ ಬಂದ್ರ ಕಣ್ಣಿಟ್ಟಿರು, ಕಿತ್ತಳಿ ಬಂದ್ರ ತಯಾರಾಗಿರು. ಮೊದಲ ಎರಡ-ಮೂರ ದಿನದ ಮಾತು ನಂಬಬೌದು, ಶನಿವಾರದ್ದು ಗುರುವಾರ ಮತ್ತ ನೋಡು. ಮೇಘದೂತ ಆ್ಯಪಿನ್ಯಾಗ ರೈತರ ಸಲಹಾ ಮಂಗಳವಾರ, ಶುಕ್ರವಾರ ಬರತಾವ.

ಉಳಿದದ್ದು ಮುಗಿಲ ಹೇಳತೈತಿ. ಮುಂಜಾನಿ 7ರಿಂದ 9ರೊಳಗ ನಡು ಎತ್ತರದಾಗ ಸಣ್ಣ ಮೋಡ ಸಾಲು ಹಿಡದಿರ್ತಾವಲ್ಲ, ಅವನ್ನ ನೋಡು. ಬುಡ ಒಂದ ಗೆರಿ ಮ್ಯಾಲ ಕುಂತು, ತಲಿ ಮಾತ್ರ ನಮ್ಮ ಕ್ವಾಟಿ ಗ್ವಾಡಿ ತೆನಿಯಂಗ ಮ್ಯಾಲ ಎದ್ದಿದ್ರ ಮ್ಯಾಲಿನ ಗಾಳಿ ಅಸ್ಥಿರ ಆಗೇತಿ ಅಂತ. ಅಂಥಾ ದಿನ ಮಧ್ಯಾಹ್ನದ ಮ್ಯಾಲ ಗುಡಗು ಏಳೂ ಸಾಧ್ಯತಿ ಭಾಳ.

12ರ ಸುಮಾರಕ್ಕ ಹತ್ತಿ ಅರಳಿದಂಥಾ ಬಿಳಿ ಮೋಡ ಹುಟ್ಟತಾವ. ಎತ್ತರಕಿಂತ ಅಗಲ ಹೆಚ್ಚಿದ್ರ ಚಿಂತಿ ಇಲ್ಲ, ಸಂಜಿಕ ಕರಗತಾವ. ಅಗಲಕಿಂತ ಎತ್ತರ ಹೆಚ್ಚಾಗಿ, ಹೂಕೋಸಿನಂಗ ಗಂಟಗಂಟ ಉಬ್ಬಿ, ಅಂಚು ಚೂರಿಲೆ ಕೊಯ್ದಂಗ ಚೊಕ್ಕ ಕಂಡ್ರ ಇನ್ನೂ ಬೆಳ್ಯಾಕತ್ತೈತಿ. ಆ ಅಂಚು ಮಸಕಾಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂಗ ಚಪ್ಪಟಿ ಹರಡಿತು ಅಂದ್ರ ಮ್ಯಾಲ ಬರ್ಫ ಆಗೇತಿ. ಅದ ಗುಡಗು ಮೋಡ, ಆಣಿಕಲ್ಲೂ ಅದರಾಗಿಂದನ ಬೀಳೂದು. ನಮ್ಮ ಕಡೆ ಕಾರಣ ಇಷ್ಟ: ನೆಲ ಕಾದಿರತೈತಿ, ಮೂಡಲ ಕಡಿಂದ ಬಂಗಾಳ ಕೊಲ್ಲಿ ಹಸಿ ಗಾಳಿ ಒಳಗ ಬರತೈತಿ, ಪಡುವಲದ ಒಣ ಗಾಳಿ ಅದಕ್ಕ ತಾಗತೈತಿ.

ನಮ್ಮ ಕಡೆ ಬರತೈತೋ ಇಲ್ಲೋ ಗೊತ್ತಾಗಬೇಕಂದ್ರ ಶೆಡ್ಡಿನ ಕಂಬದ ಅಂಚಿಗಿ ಮೋಡದ ಬುಡ ಹೊಂದಿಸಿ, ನಿಂತಲ್ಲೇ ಹತ್ತು ನಿಮಿಷ ನೋಡು. ಎಡಕ್ಕೋ ಬಲಕ್ಕೋ ಸರದ್ರ ಬಾಜೂಕ ಹೋಗತೈತಿ. ಸರೀದ ದೊಡ್ಡದಾಗಕೋತ ಬಂದ್ರ ನಿನ್ನ ಕಡೆನ ಬರಾಕತ್ತೈತಿ.

ಚಂದ್ರಗ ಉಂಗುರ ಕಟ್ಟೇತಿ, ನಾಳೆ ಮಳಿ ಅಂತ ನಿನ್ನೆ ಗ್ರೂಪಿನ್ಯಾಗ ಬಂದಿತ್ತು. ಅದು ಭಾಳ ಎತ್ತರದ ಬರ್ಫಿನ ತೆಳು ಮೋಡ. ಈ ದಿನದಾಗ ದೂರ ಎಲ್ಲೋ ಬಿದ್ದ ಮಳಿದು ಉಳದ ಪರದೇನೂ ಆಗಿರಬೌದು. ಅದೊಂದನ ನೋಡಿ ಏನೂ ತೀರ್ಮಾನ ಮಾಡಬ್ಯಾಡ್ರಿ.

ಈಗ ಶೆಡ್ಡಿನ ಬಾಜೂ ಪರದೆ ಮಾತು. ದಿನಾ ಪೂರ್ತಿ ಇಳಿಬಿಟ್ಟ ಇಡಬ್ಯಾಡ, ಗಾಳಿ ಆಡಲಿಲ್ಲಂದ್ರ ಬಿಸಿಲಿನ್ಯಾಗ ಒಳಗಿನ ತೇವ ಹೊರಗ ಹೋಗೂದಿಲ್ಲ, ಮಾಲು ಕಂದು ಆಗತೈತಿ, ರೇಟು ಹೋತು. ಸುತ್ತಿ ಮ್ಯಾಲ ಕಟ್ಟಿಟ್ಟಿರು. ಮೋಡದ ನೆತ್ತಿ ಅಡಿಗಲ್ಲಿನಂಗ ಹರಡಿದ ಕೂಡ್ಲೆ ಮೋಡ ಇರೂ ಬಾಜೂ ಮೊದಲ ಇಳಸು, ಯಾಕಂದ್ರ ಹನಿಗಿಂತ ಮೊದಲ ಧೂಳೆಬ್ಬಿಸಿಕೋತ ತಣ್ಣನ ಗಾಳಿ ಆ ಕಡಿಂದ ಬಡೀತೈತಿ. ಒಂದ ಪರದೆ ಮ್ಯಾಲ ಇನ್ನೊಂದು ಒಂದ ಫೂಟರ ಹತ್ತಿಕೊಂಡಿರಲಿ, ಬುಡಕ್ಕ ಹಗ್ಗ ಬಿಗಿ. ಬರೇ ಕಲ್ಲು ಇಟ್ರ ಹಾರತೈತಿ. ರ್‍ಯಾಕಿನ ಕೆಳಗಿನ ಅಂಕಣಕ್ಕ ನೆಲದ ನೀರು ಸಿಡೀತೈತಿ, ಅಲ್ಲಿ ಮಾಲು ಅಷ್ಟ ಬುಟ್ಟ್ಯಾಗ ತಗೊಂಡು ಮ್ಯಾಲಿನ ಅಂಕಣದಾಗ ತೆಳ್ಳಗ ಹರವು.

ಮಿಂಚಿದ ಮ್ಯಾಲ ಗುಡಗು ಕೇಳೂತನಕ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸು, ಅಷ್ಟ ಕಿಲೋಮೀಟರ್ ದೂರ. 30 ಸೆಕೆಂಡಿನೊಳಗ ಗುಡಗು ಬಂತಂದ್ರ ಪರದೆ ಕೆಲಸ ಅರ್ಧ ಆಗಿದ್ರೂ ಬಿಟ್ಟು ಮನಿಯೊಳಗ ನಡಿ. ರ್‍ಯಾಕಿನ ಕಬ್ಬಿಣದ ಚೌಕಟ್ಟು ಹಿಡಕೊಂಡು ನಿಲ್ಲಬ್ಯಾಡ, ಹುಡುಗ್ರಿಗೂ ಹೇಳು. ಕಡೀ ಗುಡಗು ಕೇಳಿ ಅರ್ಧ ತಾಸು ಆದ ಮ್ಯಾಲ ಹೊರಗ ಬಂದು, ಮೊದಲ ಪರದೆ ಎತ್ತಿ ಗಾಳಿ ಬಿಡು. ಬುಧವಾರ ಮುಂಜಾನಿ ಮುಗಿಲ ಫೋಟೋ ಹಾಕು, ಯಾವ ದಿಕ್ಕಿಂದು ಅಂತನೂ ಬರಿ, ಇಬ್ರೂ ಕೂಡೇ ನೋಡೂಣು.