‘ಫ್ರೇಮ್ ತೆಗೆಯಿರಿ’ ಎಂದರೆ ಉಳಿಸಿಕೊಳ್ಳುವುದೋ, ಅಳಿಸುವುದೋ?

ಗೆಳೆಯರೇ, ನಮಸ್ಕಾರ.

ವಿಡಿಯೋ ಸಂಕಲನದ ಮೂರು ಮಾತುಗಳಿಗೆ ಕನ್ನಡ ಪದ ಹುಡುಕುತ್ತಾ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನಮ್ಮೂರಲ್ಲಿ ಮಕ್ಕಳಿಗೆ ತೆಂಕುತಿಟ್ಟು ಯಕ್ಷಗಾನದ ತರಗತಿ ನಡೆಯುತ್ತದೆ. ನನ್ನ ಕೆಲಸ ಅಲ್ಲಿ ವಿಡಿಯೋ ಮಾಡುವುದು. ಮೊಬೈಲಿನಲ್ಲಿ ಹಿಡಿದ ಕುಣಿತವನ್ನು ಕಂಪ್ಯೂಟರಿಗೆ ಹಾಕಿ, ಶಾಟ್‌ಕಟ್ ಎಂಬ ಸಂಕಲನದ ಸಾಫ್ಟ್‌ವೇರ್‌ನಲ್ಲಿ ತೆರೆದು, ಬಾಣದ ಕೀ ಒತ್ತುತ್ತಾ ಒಂದೊಂದೇ ಫ್ರೇಮ್, ಅಂದರೆ ವಿಡಿಯೋದೊಳಗಿನ ಒಂದೊಂದೇ ಚಿತ್ರ, ನೋಡುತ್ತೇವೆ. ಕಾಲು ಎಲ್ಲಿ ತಪ್ಪಿತು, ಕೈ ಎಲ್ಲಿ ಇಳಿಯಿತು ಎಂದು ಆಗ ಚೆನ್ನಾಗಿ ಕಾಣುತ್ತದೆ. ಬೇಕಾದ ಫ್ರೇಮನ್ನು ಚಿತ್ರವಾಗಿ ಉಳಿಸಿ, ಪ್ರಿಂಟ್ ಹಾಕಿ ಗೋಡೆಗೆ ಅಂಟಿಸುತ್ತೇವೆ. ಈಗ ದೊಡ್ಡ ಮಕ್ಕಳೇ ಈ ಕೆಲಸ ಕಲಿಯಲಿ ಎಂದು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಲು ಕೂತೆ. ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲ ಪ್ರತಿಯಲ್ಲಿ ‘ಎರಡೂ ಕಾಲು ನೆಲ ಬಿಟ್ಟ ಫ್ರೇಮ್ ಹುಡುಕಿ, ಅದನ್ನು ತೆಗೆಯಿರಿ’ ಎಂದು ಬರೆದಿದ್ದೆ. ಒಬ್ಬ ಹುಡುಗ ಧೀಂಗಿಣದ (ಹಾರುತ್ತಾ ಗಿರಗಿರನೆ ಸುತ್ತುವ ಕುಣಿತ) ವಿಡಿಯೋ ಇಟ್ಟುಕೊಂಡು ತುಂಬಾ ಹೊತ್ತು ಹುಡುಕಿದ. ಧೀಂಗಿಣದ ಒಂದು ಸುತ್ತಿಗೆ ಒಂದು ಸೆಕೆಂಡೂ ಬೇಡ, ಅದರಲ್ಲಿ ಅವನ ಎರಡೂ ಪಾದ ನೆಲ ಬಿಟ್ಟದ್ದು ಬರೀ 9 ಫ್ರೇಮ್. ಅವುಗಳಲ್ಲಿ ಅತಿ ಎತ್ತರದ್ದು ಯಾವುದು ಎಂದು ಸರಿಯಾಗಿಯೇ ಗುರುತಿಸಿದ. ಆಮೇಲೆ ಅದರ ಆಚೆ ಈಚೆ ಕತ್ತರಿಸಿ, ಆ ಒಂದು ಫ್ರೇಮನ್ನು ವಿಡಿಯೋದಿಂದ ಅಳಿಸಿಬಿಟ್ಟ. ಪ್ಲೇ ಮಾಡಿದಾಗ ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಆದರೆ ಚೆಂಡೆಯ ಪೆಟ್ಟಿನ ನಡುವೆ ‘ಟಕ್’ ಎಂದು ಸಣ್ಣ ಸದ್ದು ಕೇಳಿತು, ಚಿತ್ರದ ಜೊತೆ ಆ ಚೂರು ಸದ್ದೂ ಹೋಗಿತ್ತಲ್ಲ. ಇದ್ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, ‘ತೆಗೆಯಿರಿ ಅಂತ ಉಂಟಲ್ಲ ಸರ್, ತೆಗೆದೆ’ ಎಂದ.

ಅವನ ತಪ್ಪಲ್ಲ. ತೆಗೆ ಎಂಬ ಮಾತೇ ಹಾಗೆ. ಫೋಟೋ ತೆಗೆ ಎಂದರೆ ಹೊಸದೊಂದು ಬರುತ್ತದೆ. ಕಸ ತೆಗೆ ಎಂದರೆ ಇದ್ದದ್ದು ಹೋಗುತ್ತದೆ. ರಸ ತೆಗೆ ಎಂದರೆ ಹಿಂಡಿ ಇಟ್ಟುಕೊಳ್ಳುವುದು, ಬಾಗಿಲು ತೆಗೆ ಎಂದರೆ ಬೇರೆಯೇ. ಮಾತಾಡುವಾಗ ಸಂದರ್ಭ ನೋಡಿಕೊಂಡು ತಿಳಿದುಕೊಳ್ಳುತ್ತೇವೆ. ಕಂಪ್ಯೂಟರಿನ ಮುಂದೆ ಕೂತ ಹುಡುಗನಿಗೆ ಅಳಿಸುವ ಗುಂಡಿಯೂ ಕಾಣುತ್ತದೆ, ಉಳಿಸುವ ಗುಂಡಿಯೂ ಕಾಣುತ್ತದೆ. ಅಲ್ಲಿ ‘ತೆಗೆ’ ಕೆಲಸಕ್ಕೆ ಬಾರದು.

ಸಾಫ್ಟ್‌ವೇರ್‌ಗಳನ್ನು ನೋಡಿದರೆ ಫ್ರೇಮನ್ನು ಚಿತ್ರವಾಗಿ ಉಳಿಸುವುದಕ್ಕೆ ಇಂಗ್ಲಿಷಿನಲ್ಲೂ ಒಮ್ಮತ ಇಲ್ಲ. ಶಾಟ್‌ಕಟ್ ಮತ್ತು ಪ್ರೀಮಿಯರ್‌ನಲ್ಲಿ ಎಕ್ಸ್‌ಪೋರ್ಟ್ ಎನ್ನುತ್ತಾರೆ, ಕೆಡೆನ್‌ಲೈವ್‌ನಲ್ಲಿ ಎಕ್ಸ್‌ಟ್ರ್ಯಾಕ್ಟ್, ಡಾವಿಂಚಿ ರಿಸಾಲ್ವ್‌ನಲ್ಲಿ ಗ್ರ್ಯಾಬ್, ವಿಎಲ್‌ಸಿಯಲ್ಲಿ ಸ್ನ್ಯಾಪ್‌ಶಾಟ್. ಕೆಲಸ ಹೆಚ್ಚುಕಡಿಮೆ ಒಂದೇ. ಎಕ್ಸ್‌ಪೋರ್ಟ್‌ಗೆ ನಮ್ಮಲ್ಲಿ ‘ರಫ್ತು’ ಬಳಕೆಯಲ್ಲಿದೆ. ಕಾಫಿ, ಗೇರುಬೀಜ ನೆನಪಾಗುತ್ತದೆ ಎಂದು ಮೊದಮೊದಲು ನನಗೆ ಹಿಡಿಸುತ್ತಿರಲಿಲ್ಲ. ಆದರೆ ಆಮದು, ರಫ್ತು ಎರಡೂ ಪಾರಸಿಯಿಂದ ಬಂದವು, ಅಲ್ಲಿ ‘ಆಮದ್’ ಎಂದರೆ ಬಂದ, ‘ರಫ್ತ್’ ಎಂದರೆ ಹೋದ. ಬಂದದ್ದು ಆಮದು, ಹೋದದ್ದು ರಫ್ತು. ಇದು ತಿಳಿದ ಮೇಲೆ ಪದದ ಮೇಲೆ ಪ್ರೀತಿ ಬಂತು. ಪೂರ್ತಿ ವಿಡಿಯೋವನ್ನು ಹೊರಗೆ ಕಳಿಸುವುದಕ್ಕೆ ರಫ್ತು ಸರಿ. ಒಂದೇ ಒಂದು ಚಿತ್ರಕ್ಕೆ ಭಾರವಾಯಿತು ಅನಿಸುತ್ತದೆ.

ನನಗೆ ಹೊಳೆದ ಪದ ‘ಹೆಕ್ಕು’. ನಮ್ಮ ಕಡೆ ಅಡಿಕೆ ಹೆಕ್ಕುತ್ತಾರೆ, ಮಾವಿನಹಣ್ಣು ಹೆಕ್ಕುತ್ತಾರೆ. ಬಿದ್ದಿರುವ ರಾಶಿಯಲ್ಲಿ ಬೇಕಾದದ್ದನ್ನು ಕೈಗೆತ್ತಿಕೊಳ್ಳುವುದು. ಬರಹದಲ್ಲಿ ‘ಹೆಕ್ಕಿ ತೆಗೆದ ಉದಾಹರಣೆ’ ಎಂದೆಲ್ಲ ಬರೆಯುವುದರಿಂದ ಘಟ್ಟದ ಮೇಲಿನವರಿಗೂ ಹೊಸದಲ್ಲ ಅಂದುಕೊಂಡಿದ್ದೇನೆ. ‘ಫ್ರೇಮ್ ಹೆಕ್ಕಿ ಉಳಿಸಿ’ ಎಂದರೆ ಯಾರೂ ಅಳಿಸುವುದಿಲ್ಲ, ಅಲ್ವಾ? ಮೈಸೂರು, ಧಾರವಾಡ, ಕಲಬುರಗಿ ಕಡೆಯವರು ಮಾತಿನಲ್ಲಿ ಇದನ್ನು ಬಳಸುತ್ತೀರಾ, ಅಥವಾ ಓದಿ ಮಾತ್ರ ಗೊತ್ತಾ, ದಯವಿಟ್ಟು ತಿಳಿಸಿ.

ಎರಡನೆಯದು ಫ್ರೇಮ್ ಎಂಬ ಪದವೇ. ‘ಚೌಕಟ್ಟು’ ಎಂದು ಬರೆಯಲು ಹಲವರು ಹೇಳಿದರು. ನಾನು ಒಪ್ಪುವುದಿಲ್ಲ. ಚೌಕಟ್ಟು ಎಂದರೆ ಸುತ್ತಲಿನ ಅಂಚು, ಒಳಗಿನ ವಸ್ತು ಅಲ್ಲ. ಗೋಡೆಯ ಮೇಲಿನ ಫೋಟೋ ಬಿಚ್ಚಿದರೂ ಚೌಕಟ್ಟು ಉಳಿಯುತ್ತದೆ. ಕ್ಯಾಮೆರಾ ಹಿಡಿದವನು ‘ಕಿರೀಟ ಚೌಕಟ್ಟಿನೊಳಗೆ ಬರಲಿ’ ಎಂದರೆ ಅಲ್ಲಿ ಆ ಪದ ತುಂಬಾ ಚೆನ್ನಾಗಿ ಕೂರುತ್ತದೆ. ಆದರೆ ಸೆಕೆಂಡಿಗೆ 30 ಚೌಕಟ್ಟು ಎಂದು ಬರೆದರೆ ಖಾಲಿ ಕಟ್ಟುಗಳೇ ಕಣ್ಣ ಮುಂದೆ ಬರುತ್ತವೆ. ಇಂಗ್ಲಿಷಿನಲ್ಲಿ ಅಂಚಿಗೂ ಚಿತ್ರಕ್ಕೂ ಒಂದೇ ಪದ ಇದೆ ಎಂದು ನಾವೂ ಎರಡನ್ನೂ ಒಂದೇ ಪದಕ್ಕೆ ಯಾಕೆ ಕಟ್ಟಬೇಕು? ವಿಡಿಯೋದ ಒಳಗಿರುವ ತನಕ ಅದು ‘ಫ್ರೇಮ್’ ಎಂದೇ ಇರಲಿ, ಸ್ಟುಡಿಯೋದಲ್ಲಿ ಎಲ್ಲರೂ ಅದನ್ನೇ ಹೇಳುವುದು.

ಹೊರಗೆ ಬಂದ ಮೇಲೆ? ‘ಸ್ಥಿರಚಿತ್ರ’ ಇದೆ, ಆದರೆ ಅದಕ್ಕೆ ಸಿನಿಮಾದಲ್ಲಿ ಬೇರೆ ಅರ್ಥ. ಕನ್ನಡ ಸಿನಿಮಾಗಳ ಶೀರ್ಷಿಕೆಯಲ್ಲಿ ಸಂಕಲನ, ಛಾಯಾಗ್ರಹಣದ ಜೊತೆ ಸ್ಥಿರಚಿತ್ರ ಎಂದು ಒಬ್ಬರ ಹೆಸರು ಬರುತ್ತದಲ್ಲ, ಅವರು ಚಿತ್ರೀಕರಣದ ಜಾಗದಲ್ಲಿ ತಮ್ಮದೇ ಕ್ಯಾಮೆರಾದಲ್ಲಿ ಫೋಟೋ ತೆಗೆಯುವವರು. ಸಿನಿಮಾದ ರೀಲಿನಿಂದ ಬಂದ ಚಿತ್ರ ಅದಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಆ ಕಸುಬಿಗೂ ಅನ್ಯಾಯ. ‘ಸ್ತಬ್ಧಚಿತ್ರ’ ಎಂದರೆ ದಸರಾ ಮೆರವಣಿಗೆಯ ಲಾರಿ ನೆನಪಾಗುತ್ತದೆ. ಅದೂ ಬೇಡ.

ನನ್ನ ಸಲಹೆ ‘ಬಿಡಿಚಿತ್ರ’. ಕಟ್ಟಿದ ಮಾಲೆ ಬೇರೆ, ಬಿಡಿ ಹೂವು ಬೇರೆ. ವಿಡಿಯೋ ಎಂದರೆ ಪೋಣಿಸಿದ ಚಿತ್ರಗಳು, ಅದರಿಂದ ಒಂದನ್ನು ಈಚೆ ತಂದರೆ ಅದು ಬಿಡಿ. ಒಂದು ಎಚ್ಚರ ಬೇಕು, ಇದನ್ನು ಕ್ರಿಯಾಪದ ಮಾಡಬಾರದು. ‘ಚಿತ್ರ ಬಿಡಿಸಿ’ ಎಂದು ಬರೆದರೆ ಮಕ್ಕಳು ಪೆನ್ಸಿಲ್ ಹುಡುಕುತ್ತಾರೆ!

ಈ ಪದದಿಂದ ಇನ್ನೊಂದು ಲಾಭವೂ ಕಂಡಿತು. ಬಾಣದ ಕೀ ಒತ್ತಿ ಮುಂದೆ ಹೋಗುವುದು ಸಲೀಸು, ಹಿಂದೆ ಬರುವಾಗ ಎಷ್ಟೋ ಸಲ ತಡವರಿಸುತ್ತದೆ, ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಮೊಬೈಲಿನ ವಿಡಿಯೋದಲ್ಲಿ ಎಲ್ಲ ಫ್ರೇಮೂ ಪೂರ್ತಿ ಇರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಇರುವ ಹೆಚ್ಚಿನವುಗಳಲ್ಲಿ ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಒಂದೇ ಒಂದು ಫ್ರೇಮ್ ಹಿಂದೆ ಬೇಕಾದರೂ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರದವರೆಗೆ ಓಡಿ, ಅಲ್ಲಿಂದ ಮತ್ತೆ ಲೆಕ್ಕ ಹಾಕಿಕೊಂಡು ಬರಬೇಕು. ಆ ಪೂರ್ಣ ಚಿತ್ರಕ್ಕೆ ‘ಇಡಿಚಿತ್ರ’ ಎನ್ನಬಹುದಲ್ಲವಾ? ಬಿಡಿ, ಇಡಿ ನಮ್ಮಲ್ಲಿ ಹಳೆಯ ಜೋಡಿ. ಇದನ್ನು ಇಂಗ್ಲಿಷಿನ ಹಾಗೆ ಕೀಫ್ರೇಮ್ ಎಂದೇ ಬಿಟ್ಟರೆ ಗೊಂದಲ ಜಾಸ್ತಿ, ಯಾಕೆಂದರೆ ಸಂಕಲನದಲ್ಲಿ ಚಿತ್ರವನ್ನು ಹಿಗ್ಗಿಸಲು, ಕುಗ್ಗಿಸಲು ಗುರುತು ಹಾಕುವ ಜಾಗಕ್ಕೂ ಕೀಫ್ರೇಮ್ ಎಂದೇ ಹೆಸರು.

ಹಳೆಯ ವಿಡಿಯೋ ಕ್ಯಾಸೆಟ್ಟಿನಲ್ಲಿರುವ ಯಕ್ಷಗಾನದ ಆಟಗಳಿಗೆ ಇನ್ನೊಂದು ಪದ ಬೇಕಾಗುತ್ತದೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಪ್ರತಿಯೊಂದೂ ಎರಡು ಅರ್ಧಗಳ ಹೆಣಿಗೆ. ಒಂದರಲ್ಲಿ ಚಿತ್ರದ ಬೆಸ ಸಂಖ್ಯೆಯ ಅಡ್ಡಗೆರೆಗಳು, ಇನ್ನೊಂದರಲ್ಲಿ ಸಮ ಸಂಖ್ಯೆಯವು. ವೇಷಧಾರಿ ಜೋರಾಗಿ ತಿರುಗುವ ಫ್ರೇಮ್ ಹೆಕ್ಕಿದರೆ ಕಿರೀಟದ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳು ಕಾಣುತ್ತವೆ, ಏಕೆಂದರೆ ಆ ಎರಡು ಅರ್ಧಗಳ ನಡುವೆ 50ರಲ್ಲೊಂದು ಸೆಕೆಂಡು ಕಳೆದಿರುತ್ತದೆ. ಅಂಥ ಒಂದೊಂದು ಅರ್ಧಕ್ಕೆ ನಾನು ‘ಅರೆಚಿತ್ರ’ ಎಂದು ಬರೆದಿದ್ದೇನೆ.

ಮೂರನೆಯದು ಸ್ಟೆಪ್, ಅಂದರೆ ಒಂದೊಂದೇ ಫ್ರೇಮ್ ಮುಂದೆ ಅಥವಾ ಹಿಂದೆ ಹೋಗುವುದು. ಇದೇ ನನಗೆ ಕಷ್ಟವಾಗಿರುವುದು. ‘ಹೆಜ್ಜೆ’ ಎಂದು ಬರೆಯಲು ಬೇರೆಯವರಿಗೆ ಏನೂ ತೊಂದರೆ ಇಲ್ಲ. ಯಕ್ಷಗಾನದಲ್ಲಿ ಹೆಜ್ಜೆ ಎಂದರೆ ಕುಣಿತದ ಹೆಜ್ಜೆ, ತಾಳಕ್ಕೆ ಕಟ್ಟಿದ್ದು. ‘ಒಂದು ಹೆಜ್ಜೆ ಹಿಂದೆ ಹೋಗಿ’ ಎಂದು ಓದಿದ ಹುಡುಗಿ ಹಿಂದಿನ ತಾಳದ ಪೆಟ್ಟಿನವರೆಗೆ ಹೋಗಿ ನಿಂತಳು, ನಾನು ಹೇಳಿದ್ದು ಬರೀ ಒಂದು ಫ್ರೇಮ್. ‘ಫ್ರೇಮ್ ಸರಿಸಿ’ ಎಂದರೆ ಇಡೀ ತುಣುಕನ್ನೇ ಪಕ್ಕಕ್ಕೆ ಎಳೆಯುತ್ತಾರೆ. ಸರಿಯುವುದು ಫ್ರೇಮ್ ಅಲ್ಲವಲ್ಲ, ನಾವು ಯಾವ ಫ್ರೇಮಿನಲ್ಲಿದ್ದೇವೆ ಎಂದು ತೋರಿಸಲು ಅದರ ಮೇಲೆ ನಿಂತಿರುವ ಉದ್ದ ಗೆರೆ. ಗಡಿಯಾರದ ಮುಳ್ಳು, ತಕ್ಕಡಿಯ ಮುಳ್ಳು ಇರುವ ಹಾಗೆ ನಾನು ಅದನ್ನು ‘ಮುಳ್ಳು’ ಎಂದು ಕರೆದು ನೋಡಿದೆ. ‘ಮುಳ್ಳನ್ನು ಒಂದು ಫ್ರೇಮ್ ಹಿಂದಕ್ಕೆ ಸರಿಸಿ’ ಎಂದಾಗ ಎಲ್ಲರ ಕೈಯೂ ಸರಿಯಾದ ಕೀ ಮೇಲೆ ಹೋಯಿತು. ಆದರೆ ಗುಂಡಿಯ ಮೇಲೆ ಬರೆಯಲು ಇಷ್ಟುದ್ದದ ವಾಕ್ಯ ಆಗುವುದಿಲ್ಲ. ಒಂದೇ ಪದ ಬೇಕು.

ಟಿವಿ ವಾಹಿನಿಗಳಲ್ಲಿ, ಸಿನಿಮಾ ಸಂಕಲನದಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಒಂದು ಪ್ರಶ್ನೆ. ಪಕ್ಕದಲ್ಲಿ ಕೂತ ನಿರ್ದೇಶಕರು ಒಂದು ಫ್ರೇಮ್ ಹಿಂದೆ ಹೋಗಲು ಹೇಳುವಾಗ ಬಾಯಲ್ಲಿ ಬರುವ ಮಾತು ಯಾವುದು? ‘ಒಂದ್ ಫ್ರೇಮ್ ಹಿಂದೆ’ ಅಷ್ಟೇನಾ, ಅಥವಾ ಅದಕ್ಕೊಂದು ಕ್ರಿಯಾಪದ ಇದೆಯಾ?