ಫೋಮ್‌ನಲ್ಲಿ ಹರಿಕೇನ್ ಕಟ್ಟುವವರಿಗೆ: ಮೊದಲು ಬಾಲ ತೂಗಿ ನೋಡಿ

ಪೆರ್ಲದಿಂದ ಪ್ರಶ್ನೆ

ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ರೆಡಿಮೇಡ್ ಟ್ರೇನರ್ ವಿಮಾನವನ್ನು ಒಂದು ವರ್ಷ ಹಾರಿಸಿದ್ದೇನೆ. ಈ ಮಳೆಗಾಲದಲ್ಲಿ ಎರಡನೇ ಮಹಾಯುದ್ಧದ ಹಾಕರ್ ಹರಿಕೇನ್ ಅನ್ನು ನಾನೇ ಪ್ಲ್ಯಾನ್ ಬರೆದು ಫೋಮ್‌ನಲ್ಲಿ ಕಟ್ಟುತ್ತಿದ್ದೇನೆ. ರೆಕ್ಕೆ ಸುಮಾರು ಒಂದು ಮೀಟರ್. ಯಾವ ಫೋಮ್, ಯಾವ ಮೋಟರ್, ತಪ್ಪಾಗುವುದು ಎಲ್ಲಿ? ಕಟ್ಟಿದವರು ದಯವಿಟ್ಟು ಹೇಳಿ.

ಬದಿಯಡ್ಕದಿಂದ

ತಮ್ಮಾ, ಒಳ್ಳೆಯ ವಿಮಾನ ಆರಿಸಿದ್ದೀಯ. ಬರ್ಮಾ ಗಡಿಯಲ್ಲಿ ನಮ್ಮ ವಾಯುಪಡೆಯವರೂ ಇದನ್ನು ಹಾರಿಸಿದ್ದಾರೆ. ಮುಂದೆ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ ಅವರಿಗೆ 1944ರಲ್ಲಿ ಡಿಎಫ್‌ಸಿ ಎಂಬ ಶೌರ್ಯ ಪದಕ ಬಂದಾಗ ಅವರ ಸ್ಕ್ವಾಡ್ರನ್ನಿನ ಕೈಯಲ್ಲಿದ್ದದ್ದು ಹರಿಕೇನ್. ಮಾಡೆಲ್ ಕಟ್ಟುವವರಿಗೂ ಇದು ಅನುಕೂಲ. ರೆಕ್ಕೆ ದಪ್ಪ, ಒಳಗೆ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್) ಹುದುಗಿಸಲು ಜಾಗ ಧಾರಾಳ.

ಅಸಲಿ ವಿಮಾನದ ರೆಕ್ಕೆ 12.19 ಮೀಟರ್. ಅದನ್ನು 12ರಿಂದ ಭಾಗಿಸು, 1016 ಮಿಲಿಮೀಟರ್ ಬರುತ್ತದೆ. ಉದ್ದ ಸುಮಾರು 82 ಸೆಂಟಿಮೀಟರ್. ಎಲ್ಲವನ್ನೂ ಇದೇ ಲೆಕ್ಕದಲ್ಲಿ ಇಳಿಸು, ಹಿಂದಿನ ಅಡ್ಡ ಬಾಲವೊಂದನ್ನು ಬಿಟ್ಟು. ಅದನ್ನು ಶೇಕಡ 10–15ರಷ್ಟು ದೊಡ್ಡದು ಮಾಡು. ಅಸಲಿ ಅಳತೆಯ ಬಾಲ ಸಣ್ಣ ಮಾಡೆಲ್‌ಗೆ ಸಾಲುವುದಿಲ್ಲ, ಮೂತಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

ಈಗ ಮುಖ್ಯ ಮಾತು. ಯುದ್ಧವಿಮಾನದ ಮೂತಿ ಗಿಡ್ಡ, ಬಾಲ ಉದ್ದ. ನಿನ್ನ ಅಳತೆಯಲ್ಲಿ ಸಿಜಿಯಿಂದ (ವಿಮಾನ ಸಮತೂಕದಲ್ಲಿ ನಿಲ್ಲುವ ಬಿಂದು) ಬಾಲಕ್ಕೆ ಸುಮಾರು 50 ಸೆಂಟಿಮೀಟರ್, ಮೂತಿಗೆ 18. ಅಂದರೆ ಬಾಲದಲ್ಲಿ 10 ಗ್ರಾಂ ಜಾಸ್ತಿಯಾದರೆ ಮೂತಿಯಲ್ಲಿ 28 ಗ್ರಾಂ ಸೀಸ ಇಡಬೇಕು. ನನ್ನ ಮೊದಲ ಹರಿಕೇನ್‌ನಲ್ಲಿ ಇದು ನನಗೆ ತಿಳಿದಿರಲಿಲ್ಲ. ಬಾಲ ಗಟ್ಟಿಯಿರಲಿ ಅಂತ ಫೋಮ್ ಎರಡು ಪದರ ಮಾಡಿ, ನಡುವೆ ಬಿದಿರಿನ ಕಡ್ಡಿ ಇಟ್ಟು, ಮೇಲೆ ದಪ್ಪ ಬಣ್ಣ ಬಳಿದೆ. 62 ಗ್ರಾಂ ಆಯಿತು. ಮೂತಿಗೆ 100 ಗ್ರಾಂ ಸೀಸ ತುಂಬಿದೆ. ಒಟ್ಟು 830 ಗ್ರಾಂ. ಕೈಯಿಂದ ಎಸೆದಾಗ ಹಾರಿತು. ಆದರೆ ಮೊದಲ ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡಿದ್ದೇ ತಡ, ಎಡ ರೆಕ್ಕೆ ಕುಸಿದು ಪಕ್ಕದ ಅಡಿಕೆ ತೋಟಕ್ಕೆ ಬಿತ್ತು. ಮರದ ತುದಿಯಿಂದ ಇಳಿಸಲು ಕೊನೆ ಕೊಯ್ಯುವ ದೋಟಿಯೇ ಬೇಕಾಯಿತು.

ಎರಡನೆಯದರಲ್ಲಿ ಬಾಲಕ್ಕೆ ಒಂದೇ ಪದರ ಫೋಮ್, ಅಂಚಿಗೆ ತೆಳ್ಳಗಿನ ಕಾರ್ಬನ್ ಕಡ್ಡಿ, ಬಣ್ಣದ ಬದಲು ಬಣ್ಣದ ಟೇಪು. 28 ಗ್ರಾಂ. ಸರ್ವೋಗಳನ್ನು ಹಿಂದೆ ಇಡದೆ ರೆಕ್ಕೆಯ ಮೇಲ್ಗಡೆ ಇಟ್ಟು ಉದ್ದ ತಂತಿ ಕೊಟ್ಟೆ. ಸೀಸ ಬೇಕಾಗಲೇ ಇಲ್ಲ. ಒಟ್ಟು ತೂಕ 690 ಗ್ರಾಂ. ರೆಕ್ಕೆಯ ವಿಸ್ತಾರ 16 ಚದರ ಡೆಸಿಮೀಟರ್, ಹಾಗಾಗಿ ಒಂದು ಚದರ ಡೆಸಿಮೀಟರ್‌ಗೆ 43 ಗ್ರಾಂ ಬೀಳುತ್ತದೆ. ಮೊದಲನೆಯದರಲ್ಲಿ 52 ಇತ್ತು. ಕೈಯಲ್ಲಿ ಹಿಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗಾಳಿಯಲ್ಲಿ ಅದು ಬೇರೆಯೇ ವಿಮಾನ.

ಸಿಜಿಯನ್ನು ಕಣ್ಣಂದಾಜಿನಲ್ಲಿ ಗುರುತು ಮಾಡಬೇಡ. ರೆಕ್ಕೆ ಬುಡದಲ್ಲಿ 200 ಮಿಲಿಮೀಟರ್ ಅಗಲ, ತುದಿಯಲ್ಲಿ 120 ಇದ್ದರೆ ವಿಸ್ತಾರವನ್ನೂ ಲೆಕ್ಕಕ್ಕೆ ಹಿಡಿದ ಸರಾಸರಿ ಅಗಲ 163. ಅದರ ಶೇಕಡ 25 ಅಂದರೆ ಮುಂದಂಚಿನಿಂದ 41 ಮಿಲಿಮೀಟರ್. ಮುಂದಂಚು ಓರೆ ಇದ್ದರೆ ಆ ಸರಾಸರಿ ಅಗಲ ಬೀಳುವ ಜಾಗದಲ್ಲೇ ಅಳೆಯಬೇಕು, ಬುಡದಲ್ಲಿ ಅಲ್ಲ. ಮೊದಲ ಹಾರಾಟ ಇಲ್ಲಿಂದಲೇ ಶುರುವಾಗಲಿ. ಹಿಂದೆ ಸರಿಸುವುದು ಆಮೇಲೆ.

ಫೋಮ್ ವಿಷಯಕ್ಕೆ ಬಂದರೆ, ಸ್ಟೇಷನರಿ ಅಂಗಡಿಯಲ್ಲಿ ಸನ್‌ಬೋರ್ಡ್ ಅಂತ ಕೊಡುವ ಪಿವಿಸಿ ಹಲಗೆ ಬೇಡ, ಅದು ತುಂಬ ಭಾರ. 5 ಮಿಲಿಮೀಟರ್ ಫೋಮ್ ಶೀಟು ಅಥವಾ ಗಟ್ಟಿ ಥರ್ಮಾಕೋಲ್ ಆಗುತ್ತದೆ. ಸಾಮಾನ್ಯ ಸೂಪರ್ ಗ್ಲೂ ಥರ್ಮಾಕೋಲನ್ನು ಕರಗಿಸುತ್ತದೆ, ಸ್ಪ್ರೇ ಬಣ್ಣವೂ ಹಾಗೆಯೇ. ಯಾವುದನ್ನಾದರೂ ಮೊದಲು ಒಂದು ತುಂಡಿನ ಮೇಲೆ ಹಚ್ಚಿ ನೋಡು. ಹಾಟ್ ಗ್ಲೂ ಬೇಗ ಹಿಡಿಯುತ್ತದೆ, ಆದರೆ ತೂಕ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮೆತ್ತಗಾಗಿ ಕೀಲು ಬಿಟ್ಟುಬಿಡುತ್ತದೆ. ಮೋಟರ್ ಕೂರುವ ಪ್ಲೈವುಡ್ಡಿಗೆ ಎಪಾಕ್ಸಿಯನ್ನೇ ಹಾಕು.

ಚಕ್ರ ಬೇಡ. ನಮ್ಮ ಪದವಿನ (ಗುಡ್ಡದ ಮೇಲಿನ ಬಯಲಿನ) ಮುರಕಲ್ಲಿನ ಮೇಲೆ ಚಕ್ರ ನಿಲ್ಲುವುದಿಲ್ಲ. ಮಳೆ ಬಿಟ್ಟ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಹುಲ್ಲು ಮೆತ್ತಗಿರುತ್ತದೆ, ಹೊಟ್ಟೆಯ ಮೇಲೆ ಇಳಿಸಬಹುದು. ಮಾರ್ಚ್ ಹೊತ್ತಿಗೆ ಹುಲ್ಲು ಹೋಗಿ ಬರೀ ಕಲ್ಲು, ಎರಡು ಸಲ ಇಳಿಸಿದರೆ ಫೋಮ್ ತುರಿದು ಹೋಗುತ್ತದೆ. ನಾನು ಹೊಟ್ಟೆಗೆ ಅಡಿಕೆ ಹಾಳೆಯ ಎರಡು ಬೆರಳಗಲದ ಪಟ್ಟಿ ಅಂಟಿಸುತ್ತೇನೆ. ಜಾರುತ್ತದೆ, ಸವೆಯುವುದು ನಿಧಾನ, ಸವೆದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಹಾರಿಸುವುದಾದರೆ ಬೆಳಿಗ್ಗೆ ಏಳರಿಂದ ಒಂಬತ್ತು. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಹೊಸ ವಿಮಾನ ಬೇಡವೇ ಬೇಡ.

ಹೊಸೂರಿನಿಂದ

ಮೋಟರ್ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಅಳತೆಗೆ 2212 ಗಾತ್ರದ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 9 ಅಥವಾ 10 ಇಂಚಿನ ಪ್ರೊಪೆಲ್ಲರ್, 3ಎಸ್ (ಮೂರು ಸೆಲ್‌ನ) 2200 ಎಂಎಎಚ್ ಲಿಪೋ ಬ್ಯಾಟರಿ ಸಾಕು. 700 ಗ್ರಾಂ ಒಳಗಿದ್ದರೆ ಆರಾಮಾಗಿ ಎಳೆಯುತ್ತದೆ. ಬ್ಯಾಟರಿಯನ್ನು ಆದಷ್ಟು ಮುಂದೆ ಇಡಿ. ಬದಿಯಡ್ಕದ ಅಣ್ಣ ಹೇಳಿದ ಸೀಸದ ಕೆಲಸವನ್ನು ಬ್ಯಾಟರಿಯೇ ಮಾಡುತ್ತದೆ. ಮೋಟರನ್ನು ಎರಡು ಡಿಗ್ರಿ ಕೆಳಕ್ಕೆ, ಎರಡು ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸಿ. ಮನೆಯೊಳಗೆ ಸೆಟ್ಟಿಂಗ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ನನ್ನ ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ.

ಹಾರಿಸುವ ಮೊದಲು ಸರ್ಕಾರದ ಡ್ರೋನ್ ತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದೆಯಾ ನೋಡಿ. ಹಸಿರಾದರೂ 400 ಅಡಿ ದಾಟಬೇಡಿ. ನಮ್ಮ ಕಡೆ ಏರ್‌ಸ್ಟ್ರಿಪ್ ಹತ್ತಿರ ಇರುವುದರಿಂದ ನಾವು ದೂರದ ಹಳ್ಳಿಗೆ ಹೋಗಿ ಹಾರಿಸುತ್ತೇವೆ.

ಅಕ್ಕಲಕೋಟೆಯಿಂದ

ಅಡಿಕೆ ತೋಟಕ್ಕೆ ಬಿದ್ದದ್ದು ಬರೀ ಭಾರದಿಂದ ಅಲ್ಲ ಅನ್ನಿಸುತ್ತದೆ. ತುದಿ ಸಣ್ಣಗಾಗುವ ರೆಕ್ಕೆಯಲ್ಲಿ ನಿಧಾನವಾದಾಗ ತುದಿಯೇ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ರೆಕ್ಕೆ ಅಂಟಿಸುವಾಗಲೇ ತುದಿಯ ಹಿಂದಂಚನ್ನು ಸ್ವಲ್ಪ ಮೇಲೆತ್ತಿ, ಎರಡು ಡಿಗ್ರಿ ತಿರುಚು ಕೊಡಬೇಕು. ನಾನು ಹಿಂದಂಚಿನ ಕೆಳಗೆ ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು, ರೆಕ್ಕೆಯ ಮೇಲೆ ಪುಸ್ತಕ ಹೇರಿ ಒಂದು ರಾತ್ರಿ ಬಿಡುತ್ತೇನೆ. ಎರಡೂ ಕಡೆ ಒಂದೇ ಪಟ್ಟಿ ಬಳಸಿ. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಆದರೆ ವಿಮಾನ ಸುಮ್ನೆ ಒಂದೇ ಕಡೆಗೆ ಹೊರಳುತ್ತದೆ.

ನಮ್ಮಲ್ಲಿ ಜೋಳ ಕೊಯ್ದ ಹೊಲದಲ್ಲಿ ಹಾರಿಸುತ್ತೇವೆ. ಜಾಗ ದೊಡ್ಡದು, ಗಿಡ ಇಲ್ಲ. ಆದರೆ ಕೂಳೆ ಫೋಮ್‌ಗೆ ಮೊಳೆ ಚುಚ್ಚಿದ ಹಾಗೆ ಚುಚ್ಚುತ್ತದೆ. ರಂಟೆ ಹೊಡೆದ ಹೊಲ ಹುಡುಕುತ್ತೇವೆ. ಇಳಿಸುವಾಗ ಮೂತಿ ಎತ್ತಿ ನಿಧಾನ ಮಾಡುವ ಆಸೆ ಆಗುತ್ತದೆ, ಮಾಡಬೇಡಿ. ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ನೆಲದ ಹತ್ತಿರ ತನ್ನಿ.

ಪೆರ್ಲದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಲ ಮೊನ್ನೆಯೇ ಕತ್ತರಿಸಿದ್ದೆ. ಓದಿದ ತಕ್ಷಣ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ, 47 ಗ್ರಾಂ. ನಾನೂ ಎರಡು ಪದರ ಮಾಡಿದ್ದೆ. ರಾತ್ರಿ ಕೂತು ಒಂದೇ ಪದರದಲ್ಲಿ ಹೊಸದು ಕತ್ತರಿಸಿ ಮರಳು ಕಾಗದದಲ್ಲಿ ಅಂಚು ತೆಳ್ಳಗೆ ಮಾಡಿದೆ. ಈಗ 26. ರೆಕ್ಕೆ ಇನ್ನೂ ಅಂಟಿಸಿಲ್ಲ, ತಿರುಚು ಕೊಟ್ಟೇ ಅಂಟಿಸುತ್ತೇನೆ. ಅಡಿಕೆ ಹಾಳೆ ಒಣಗಿದರೆ ಸೀಳುತ್ತದಲ್ವಾ, ಹೇಗೆ ಬಗ್ಗಿಸುವುದು?

ಬದಿಯಡ್ಕದಿಂದ

ರಾತ್ರಿ ನೀರಿನಲ್ಲಿ ನೆನೆಹಾಕು, ಬೆಳಿಗ್ಗೆ ಬಟ್ಟೆಯ ಹಾಗೆ ಬಗ್ಗುತ್ತದೆ. ಹೊಟ್ಟೆಯ ಆಕಾರದ ಒಂದು ಮರದ ತುಂಡಿಗೆ ಸುತ್ತಿ ದಾರ ಬಿಗಿದು ನೆರಳಲ್ಲಿ ಎರಡು ದಿನ ಒಣಗಿಸು. ಪೂರ್ತಿ ಒಣಗಿದ ಮೇಲೆಯೇ ಅಂಟಿಸು. ಹಸಿ ಇರುವಾಗ ಅಂಟಿಸಿದರೆ ಒಣಗುತ್ತಾ ಸುರುಟಿ ಫೋಮನ್ನೂ ಜೊತೆಗೇ ಎಳೆಯುತ್ತದೆ.